ಪಸ್ತಾನದ ಗಂಟು

ಬಾಗಿಲಿಗೆ ಬೀಗ ಬಿದ್ದಿತ್ತು, ಒಳಗೆ ಫೋನು ಹಾಡುತ್ತಿತ್ತು. ವಿಶಾಲ ತನ್ನ ಫೋನನ್ನು ಕಟ್ ಮಾಡಿದ. ಒಳಗಿನ ಹಾಡು ನಿಂತಿತು. ಮತ್ತೆ ಹಚ್ಚಿದ, ಮತ್ತೆ ಶುರುವಾಯಿತು.

"ಚಿಗವ್ವ ಫೋನ್ ಮನ್ಯಾಗ ಬಿಟ್ಟು ಎಲ್ಲೋ ಹೋಗ್ಯಾಳವ್ವಾ," ಎಂದ.

ಅದನ್ನು ಅವನು ಬಿಡಿಸಿ ಹೇಳಬೇಕಾಗಿರಲಿಲ್ಲ. ಶರಣವ್ವನಿಗೆ ಅರವತ್ತು ದಾಟಿದ್ದರೂ ಕಿವಿ ಚುರುಕಾಗಿಯೇ ಇದ್ದವು. ಕೇಶ್ವಾಪುರದ ಆ ಓಣಿಯಲ್ಲಿ ತಂಗಿಯ ಮನೆಯ ಕಟ್ಟೆ ಹತ್ತಿ ನಿಂತು ಅವಳು ಬೀಗವನ್ನು ಒಮ್ಮೆ ಜಗ್ಗಿ ನೋಡಿದಳು. ಜಗ್ಗಿದರೆ ಬೀಗ ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ಆದರೆ ಕೈಗೆ ಏನಾದರೂ ಕೆಲಸ ಬೇಕಿತ್ತು. ಸೊಸೆ ಆರತಿ ಗೇಟಿನ ಹತ್ತಿರ ಎರಡು ಬ್ಯಾಗು ಹಿಡಿದು ನಿಂತಿದ್ದಳು. ಕೆಳಗಿಟ್ಟು ನಿಲ್ಲಬಹುದಿತ್ತು, ಇಟ್ಟಿರಲಿಲ್ಲ. ಒಂದು ಮಾತನ್ನೂ ಆಡಿರಲಿಲ್ಲ. ಏನಾದರೂ ಅಂದುಬಿಟ್ಟಿದ್ದರೇ ಚೆನ್ನಾಗಿತ್ತು ಎಂದು ಶರಣವ್ವನಿಗೆ ಅನ್ನಿಸಿತು.

ಅವರು ಹತ್ತಬೇಕಾದ ರೈಲುಗಾಡಿ ಅಳ್ನಾವರ ಬಿಟ್ಟಿದೆ ಎಂದು ವಿಶಾಲನ ಫೋನು ಹೇಳುತ್ತಿತ್ತು. ಇನ್ನು ಧಾರವಾಡ, ಅದರ ಬೆನ್ನಿಗೇ ಹುಬ್ಬಳ್ಳಿ, ಆಮೇಲೆ ರಾತ್ರಿಯಿಡೀ ಓಡಿ ಬೆಳಗಾಗುವಾಗ ತಿರುಪತಿ. ಮನೆ ಇರುವುದು ಧಾರವಾಡದ ಹೊಸಯಲ್ಲಾಪುರದಲ್ಲಿ, ಟಿಕೆಟ್ಟು ಇರುವುದೂ ಧಾರವಾಡದಿಂದಲೇ. ಆದರೂ ಮೂವರೂ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಗೆ ಬಂದು ಈ ಬೀಗದ ಮುಂದೆ ನಿಂತಿದ್ದರು, ಒಂದು ಗಂಟಿಗಾಗಿ.

ತಿರುಪತಿ ಎಂದರೆ ತಿಮ್ಮಪ್ಪನ ದರ್ಶನಕ್ಕಲ್ಲ. ಅಲ್ಲಿಯ ಒಂದು ಶಿಶುಗೃಹದಲ್ಲಿ ಹತ್ತು ತಿಂಗಳ ಹೆಣ್ಣುಕೂಸೊಂದಿತ್ತು. ವಿಶಾಲ ಮತ್ತು ಆರತಿ ದತ್ತಕಕ್ಕೆ ಹೆಸರು ಹಚ್ಚಿ, ವರ್ಷಗಟ್ಟಲೆ ಸರದಿ ಕಾದ ಮೇಲೆ ಅವರ ಪಾಲಿಗೆ ಬಂದ ಕೂಸು. ನಾಳೆ ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಸಮಿತಿ ಕೂಡುವುದಿತ್ತು. ಒಮ್ಮೆ ದಿನ ಮುಂದೆ ಹಾಕಿಸಿಕೊಂಡದ್ದಾಗಿದೆ, ಈ ಸಲ ಮೂಲ ಕಾಗದಪತ್ರ ಹಿಡಿದುಕೊಂಡು ಹಾಜರಾಗದಿದ್ದರೆ ಕೂಸು ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ ಎಂದು ಅಲ್ಲಿಯ ಮೇಡಂ ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ್ದರು. ಆ ಮೂಲ ಕಾಗದಗಳೆಲ್ಲ ಈಗ ಗಂಟಿನಲ್ಲಿದ್ದವು. ಗಂಟು ಬೀಗದ ಒಳಗಿತ್ತು, ಅಥವಾ ದೇವರೇ ಬಲ್ಲ, ಎಲ್ಲಿತ್ತೋ.

ಟಿಕೆಟ್ಟಿನದೇ ಒಂದು ಪುರಾಣವಾಗಿತ್ತು. ಎರಡು ತಿಂಗಳು ಮೊದಲೇ ತೆಗೆಯಬೇಕು ಎನ್ನುತ್ತಾರೆ. ಎರಡು ತಿಂಗಳು ಮೊದಲು ಯಾವ ಕೂಸು ಯಾವತ್ತು ಕೈಗೆ ಬರುತ್ತದೆಂದು ಯಾರಿಗೆ ಗೊತ್ತಿರುತ್ತದೆ? ದಿನ ಗೊತ್ತಾದಾಗ ಟಿಕೆಟ್ಟು ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೊಂದು ಫೋನು ಹಿಡಿದು ಕೂತರು. ಒಂದು ಫೋನು ದುಡ್ಡು ಕತ್ತರಿಸಿಕೊಂಡು ಟಿಕೆಟ್ಟು ಕೊಡಲಿಲ್ಲ. ಇನ್ನೊಂದು ಟಿಕೆಟ್ಟು ಕೊಟ್ಟಿತು, ಸೀಟು ಕೊಡಲಿಲ್ಲ. ವೇಟಿಂಗ್ ಲಿಸ್ಟು ಎಂದಿತು. ಬಸ್ಸು ಕೇಳಿದರೆ ತಿಮ್ಮಪ್ಪನ ಸೀಸನ್ನು, ಎಲ್ಲ ಭರ್ತಿ. ಅಂದಿನಿಂದ ಆರತಿ ಬೆಳಿಗ್ಗೆದ್ದು ಹಲ್ಲುಜ್ಜುವ ಮೊದಲು ಫೋನಿನಲ್ಲಿ ಆ ನಂಬರು ನೋಡುವಳು. ಒಂದು ದಿನ ಐದಿಳಿದರೆ ಅಂದು ಚಹಾಕ್ಕೆ ಸಕ್ಕರೆ ಸರಿಯಾಗಿ ಬೀಳುತ್ತಿತ್ತು. ಇಳಿಯದ ದಿನ ಸಾಲಿಗೆ ಹೋಗುವಾಗ ಊಟದ ಡಬ್ಬಿ ಮರೆತು ಹೋಗುತ್ತಿದ್ದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಗಟ್ಟಿ ಹೆಣ್ಣುಮಗಳು ಒಂದು ನಂಬರಿಗೆ ಹೀಗೆ ಕರಗುವುದನ್ನು ನೋಡಿ ಶರಣವ್ವನಿಗೆ ಒಳಗೊಳಗೇ ಸಂಕಟವಾಗುತ್ತಿತ್ತು. ಇಂದು ಮಧ್ಯಾಹ್ನ ಮೂರೂ ಸೀಟು ಪಕ್ಕಾ ಆದಾಗ ಆರತಿ ಅಡುಗೆಮನೆಗೆ ಓಡಿ ಬಂದು ಹಿಟ್ಟು ಮೆತ್ತಿದ ಅತ್ತೆಯ ಕೈಯನ್ನು ಹಾಗೆಯೇ ಗಟ್ಟಿಯಾಗಿ ಹಿಡಿದಿದ್ದಳು. ಮದುವೆಯಾಗಿ ಬಂದ ಮೇಲೆ ಅವಳು ಹಾಗೆ ಕೈ ಹಿಡಿದದ್ದು ಅದೇ ಮೊದಲು.

ಆದರೆ ಇಂದು ಮಂಗಳವಾರ. ಮಠದ ಪ್ರವಚನದಲ್ಲಿ ಸ್ವಾಮಿಗಳು ಎಲ್ಲ ದಿನವೂ ಒಳ್ಳೆಯ ದಿನವೇ ಎಂದಾಗ ಎಲ್ಲರಿಗಿಂತ ಮೊದಲು ತಲೆಯಾಡಿಸುವವಳು ಶರಣವ್ವನೇ. ಮನೆಗೆ ಬಂದ ಮೇಲೆ ಮಾತ್ರ ಮಂಗಳವಾರ ಮಂಗಳವಾರವೇ. ಆ ದಿನ ಮನೆ ಬಿಟ್ಟು ದೂರದ ಊರಿಗೆ ಹೊರಡುವಂತಿಲ್ಲ, ಅದೂ ಕೂಸು ತರುವಂಥ ಕೆಲಸಕ್ಕೆ. ಟಿಕೆಟ್ಟಿನ ದಿನ ಬದಲಿಸುವುದು ಯಾರ ಕೈಯಲ್ಲೂ ಇಲ್ಲ. ಅದಕ್ಕೆ ಅವಳು ತನ್ನ ಅವ್ವ ಮಾಡುತ್ತಿದ್ದ ಹಾಗೆ ಪಸ್ತಾನ ಇಟ್ಟಳು. ಅಂದರೆ, ಒಳ್ಳೆಯ ದಿನ ನೋಡಿ ಒಂದು ಗಂಟು ಕಟ್ಟಿ ಮೊದಲೇ ಬೇರೆ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊರಟರೆ ನಾವು ಹೊರಟ ಹಾಗೆ. ಮಂಗಳವಾರ ಕಾಲು ಹೊರಗಿಟ್ಟರೂ ಅದು ನಡುದಾರಿಯ ಲೆಕ್ಕ. ಅದಕ್ಕೂ ನೇಮಗಳಿದ್ದವು. ಗಂಟು ಊರ ಸೀಮೆ ದಾಟಿರಬೇಕು, ಹೋಗುವ ದಿಕ್ಕಿನಲ್ಲಿರಬೇಕು, ಹೊರಟವರೇ ಹೋಗಿ ಎತ್ತಿಕೊಳ್ಳಬೇಕು, ಮತ್ತು ಹೋದ ಕೆಲಸ ಮುಟ್ಟುವ ತನಕ ಅದು ನೆಲಕ್ಕೆ ತಾಗಬಾರದು.

ಹಳೆಯ ಇಳಕಲ್ಲ ಸೀರೆಯ ತುಂಡಿನಲ್ಲಿ ಅವಳು ಒಂದು ಹಿಡಿ ಅಕ್ಕಿ, ಅರಿಶಿಣದ ಕೊಂಬು, ವಿಶಾಲ ಹುಟ್ಟಿದಾಗ ಅವನ ತಲೆಗೆಂದು ತಾನೇ ಹೊಲಿದಿದ್ದ ಕುಂಚಿಗೆ, ಇಷ್ಟನ್ನು ಇಟ್ಟಳು. "ಹೋಗೂ ಕೆಲಸದ್ದೂ ಏನರ ಒಂದು ಇದರಾಗ ಇರಬೇಕು," ಎಂದು ತನ್ನಷ್ಟಕ್ಕೆ ಅಂದುಕೊಂಡದ್ದು ಆರತಿಗೆ ಕೇಳಿಸಿತು. ಆರತಿಗೆ ಇಂಥದರಲ್ಲೆಲ್ಲ ನಂಬಿಕೆಯಿಲ್ಲ. ಆದರೂ ಒಳಗೆ ಹೋಗಿ ಕಾಗದಗಳ ಫೈಲು ತಂದು ಕೊಟ್ಟಿದ್ದಳು. "ಇದನ್ನ ಇಡ್ರಿ ಅತ್ತಿ. ನಮ್ಮ ಕೆಲಸದ್ದು ಅಂದ್ರ ಇದ," ಎಂದಿದ್ದಳು. ಸೋಮವಾರ ಶರಣವ್ವ ಆ ಗಂಟನ್ನು ಎದೆಗವಚಿಕೊಂಡು ಬಂದು ತಂಗಿ ಮುರಿಗೆವ್ವನ ಮನೆಯ ಗೂಟಕ್ಕೆ ತೂಗುಹಾಕಿ ಹೋಗಿದ್ದಳು.

"ಹುಬ್ಬಳ್ಳಿ ಬ್ಯಾರೆ ಊರು ಅಂತ ನಿನಗ ಯಾರ ಹೇಳಿದ್ರವ್ವಾ?" ಎಂದು ವಿಶಾಲ ಅಂದು ನಕ್ಕಿದ್ದ. "ಹುಬ್ಬಳ್ಳಿ-ಧಾರವಾಡ ಒಂದ ಊರು. ಕಾರ್ಪೊರೇಶನ್ ಒಂದ, ಬಸ್ಸು ಒಂದ. ನಿನ್ನ ಗಂಟು ಸೀಮಿನ ದಾಟಿಲ್ಲ."

"ನಿನಗ ಒಂದ ಇರಬೌದು. ನವನಗರ ದಾಟಿದ್ರ ನನಗ ಬ್ಯಾರೆ ಊರ."

"ಆತು ಬಿಡು. ಒಂದ ಊರ ಆದ ಮ್ಯಾಲ ಧಾರವಾಡದಾಗ ಹತ್ತಿದ್ರೇನು, ಹುಬ್ಬಳ್ಳ್ಯಾಗ ಹತ್ತಿದ್ರೇನು? ಗಂಟು ತಗೊಂಡು ಅಲ್ಲೇ ಹತ್ತೂಣು."

ಈ ವಾದದಲ್ಲಿ ರೈಲ್ವೆಯವರದು ಏನು ಅಭಿಪ್ರಾಯ ಎಂದು ತಾಯಿ ಮಗ ಇಬ್ಬರೂ ಕೇಳಿರಲಿಲ್ಲ.

ಪಕ್ಕದ ಮನೆಯ ಬಾಗಿಲು ತೆರೆಯಿತು. ಟೇಲರ್ ಮಕ್ತುಮಸಾಬ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಹೊರಗೆ ಬಂದ.

"ಮುರಿಗೆವ್ವಾರು ಆಗಲೇ ಟೇಶನಕ್ಕ ಹೋದ್ರಲ್ರಿ ಅಕ್ಕಾರ. ಅಕ್ಕಂದು ಮೊಣಕಾಲ ನೋವು, ಇಲ್ಲಿತನಾ ಯಾಕ ಓಡಾಡಸೂದು, ನಾನ ಗಾಡಿಗೆ ಒಯ್ದು ಕೊಡತೇನಿ ಅಂದ್ರು. ಕೈಯಾಗ ಒಂದು ಗಂಟಿತ್ತು."

ಗಂಟು ಸಿಕ್ಕಿತು ಎನ್ನುವಂತಿಲ್ಲ, ಸಿಗಲಿಲ್ಲ ಎನ್ನುವಂತೆಯೂ ಇಲ್ಲ. ವಿಶಾಲ ಆಗಲೇ ಆಟೋ ಕರೆಯಲು ಓಣಿಯ ತುದಿಗೆ ಓಡಿದ್ದ.

ಆಟೋದಲ್ಲಿ ಮೂವರೂ ಒತ್ತೊತ್ತಾಗಿ ಕೂತರು. ಸಿಗ್ನಲ್ಲಿನಲ್ಲಿ ನಿಂತಾಗ ಆರತಿ ಮೊದಲ ಸಲ ಮಾತಾಡಿದಳು. ಹೊರಗೆ ನೋಡುತ್ತಲೇ ಮಾತಾಡಿದಳು.

"ನಿಮಗ ಬ್ಯಾಡಾಗಿದ್ರ ಬ್ಯಾಡ ಅಂತ ಹೇಳಿಬಿಡಬೇಕಿತ್ರಿ ಅತ್ತಿ. ಗಂಟು ಕಟ್ಟೂದು ಬೇಕಿರಲಿಲ್ಲ."

"ಆರತೀ!" ಎಂದ ವಿಶಾಲ.

ಕೆಲವು ವರ್ಷಗಳ ಹಿಂದೆ ದತ್ತಕದ ಮಾತು ಮೊದಲ ಸಲ ಬಂದಾಗ, "ಯಾರ ಹೊಟ್ಟ್ಯಾಗ ಹುಟ್ಟಿದ್ದೋ ಏನೋ," ಎಂದವಳು ಶರಣವ್ವನೇ. ಆರತಿ ಅಂದು ತಾಟು ಎತ್ತಿಕೊಂಡು ಒಳಗೆ ಹೋಗಿದ್ದಳು. ಆಮೇಲೆ ಒಂದು ದಿನ ಫೋನಿನಲ್ಲಿ ಆ ಕೂಸಿನ ಫೋಟೋ ಬಂತು. ಎರಡು ಹಲ್ಲು, ಒಂದೇ ಕಾಲಿಗೆ ಕಾಲುಚೀಲ, ಇನ್ನೊಂದನ್ನು ಕಿತ್ತು ಬಾಯಲ್ಲಿಟ್ಟುಕೊಂಡಿತ್ತು. ವಿಶಾಲನೂ ಹಾಗೆಯೇ ಮಾಡುತ್ತಿದ್ದ. ಅಂದಿನಿಂದ ಶರಣವ್ವನ ಮನಸ್ಸು ಪೂರ್ತಿ ಆ ಕಡೆ ವಾಲಿತ್ತು. ಆದರೆ ಬಾಯಿಂದ ಬಿದ್ದ ಮಾತನ್ನು ತಿರುಗಿ ಎತ್ತಿಕೊಳ್ಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಅದಕ್ಕೇ ಗಂಟು ಕಟ್ಟಿದ್ದು.

ಮತ್ತೆ ತಂಗಿಗಾದರೂ ನಿಜ ಹೇಳಿದ್ದಳೇ? ಅದೂ ಇಲ್ಲ. ಮುರಿಗೆವ್ವನಿಗೆ ತಿಳಿದರೆ ಕೇಶ್ವಾಪುರಕ್ಕೆ ತಿಳಿದಂತೆ, ತವರೂರಾದ ಹೆಬ್ಬಳ್ಳಿಯ ಬಂಧುಬಳಗಕ್ಕೆಲ್ಲ ತಿಳಿದಂತೆ. "ತಿಮ್ಮಪ್ಪಂದು ಹರಕಿ ಐತಿ, ತೀರಿಸಿ ಬರ್ತೇವಿ," ಎಂದು ಫೋನಿನಲ್ಲಿ ಹೇಳಿ ತಿರುಗಿದಾಗ ಆರತಿ ಬಾಗಿಲಲ್ಲಿ ನಿಂತಿದ್ದಳು. ಕೇಳಿಯೂ ಕೇಳದವಳಂತೆ ಹೋದಳು. ಇಷ್ಟೆಲ್ಲ ಆದ ಮೇಲೆ, ಅತ್ತೆ ಬೇಕಂತಲೇ ಕಾಗದ ಕಳೆದಳು ಎಂದು ಹುಡುಗಿ ತಿಳಿದರೆ ತಪ್ಪು ಯಾರದು? ನಾಳೆ ಹತ್ತಕ್ಕೆ ಆ ಕೂಸು ಬೇರೆಯವರ ಕಂಕುಳೇರಿದರೆ, ಈ ಹುಡುಗಿ ತನ್ನ ಮುಖ ನೋಡುವುದುಂಟೇ? ಶರಣವ್ವ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಸೀರೆಯ ಮೇಲಿನಿಂದಲೇ ಮುಟ್ಟಿಕೊಂಡಳು. ಶಿವನೇ, ಇದೊಂದು ಸಲ.

ಸ್ಟೇಶನ್ನು ಜನರಿಂದ ಕಿಕ್ಕಿರಿದಿತ್ತು. ಹಳದಿ ಬಟ್ಟೆ, ಹಣೆಗೆ ನಾಮ, ನೀರಿನ ಕ್ಯಾನು, ಗೋವಿಂದಾ ಗೋವಿಂದಾ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮು ಎಂದರೆ ಒಂದು ತುದಿಯಲ್ಲಿ ನಿಂತವರಿಗೆ ಇನ್ನೊಂದು ತುದಿಯಲ್ಲಿರುವವರು ಆಣೆ ಮಾಡಿದರೂ ಕಾಣುವುದಿಲ್ಲ. ಅಷ್ಟುದ್ದದ ಜಾಗದಲ್ಲಿ ಫೋನಿಲ್ಲದ, ಬಿಳಿ ಕೂದಲಿನ, ಕುಳ್ಳಗಿನ ಒಬ್ಬ ಹೆಂಗಸನ್ನು ಹುಡುಕಬೇಕು. ಗಾಡಿ ಧಾರವಾಡ ಬಿಟ್ಟಿತೆಂದು ಫೋನು ಹೇಳಿತು. ನವಲೂರು ದಾಟಿತೆಂದು ಹೇಳಿತು. ಅದಕ್ಕೆ ಹೇಳುವುದಷ್ಟೇ ಗೊತ್ತು.

ವಿಶಾಲ ಚಹಾದಂಗಡಿಗಳನ್ನೆಲ್ಲ ಇಣುಕುತ್ತ ಒಂದು ಕಡೆ ಓಡಿದ. ಆರತಿ ವೇಟಿಂಗ್ ರೂಮಿಗೆ ಹೋಗಿ ಬಂದಳು, ಇಲ್ಲ. ಮತ್ತೆ ಹೆಂಗಸರ ಕಡೆ ನೋಡಿ ಬಂದಳು, ಅಲ್ಲಿಯೂ ಇಲ್ಲ.

ಶರಣವ್ವ ಕಣ್ಣು ಮುಚ್ಚಿ ತಂಗಿಯನ್ನು ನೆನೆದಳು. ಸಣ್ಣವಳಿದ್ದಾಗಿನಿಂದ ಮುರಿಗಿಯದು ಒಂದೇ ಬುದ್ಧಿ. ಹೆಬ್ಬಳ್ಳಿಯಲ್ಲಿ ಬಸ್ಸು ಸ್ಟ್ಯಾಂಡಿನಲ್ಲಿ ನಿಲ್ಲುತ್ತಿರಲಿಲ್ಲ. ಬಸ್ಸು ಬರುವ ದಾರಿಯಲ್ಲಿ ಮುಂದಕ್ಕೆ ನಡೆದು ಹೋಗಿ ಕೈ ಮಾಡುತ್ತಿದ್ದಳು. ಎದುರಿಗೆ ಹೋದವರಿಗೆ ಬಸ್ಸು ಮೊದಲು ಸಿಗುತ್ತದೆ ಎನ್ನುತ್ತಿದ್ದಳು.

"ಆರತೀ, ಧಾರವಾಡದ ಕಡೆ ತುದಿಗೆ ಹೋಗು," ಎಂದಳು. "ಗಾಡಿ ಯಾ ಕಡಿಂದ ಬರತೈತಿ, ಆಕಿ ಆ ತುದಿಗೆ ಕುಂತಿರತಾಳ. ನನ್ನ ಮಾತ ಕೇಳು. ಓಡು."

ಆರತಿ ಒಂದು ಕ್ಷಣ ಅತ್ತೆಯ ಮುಖ ನೋಡಿದಳು. ನಂಬಬೇಕೋ ಬೇಡವೋ ಎಂದು ಅಳೆಯುವ ನೋಟ. ಆಮೇಲೆ ಬ್ಯಾಗುಗಳನ್ನು ಅಲ್ಲೇ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು. ಜನರ ನಡುವೆ ಅವಳ ಜಡೆ ಒಮ್ಮೆ ಕಂಡಿತು, ಒಮ್ಮೆ ಮರೆಯಾಯಿತು, ಆಮೇಲೆ ಕಾಣಲೇ ಇಲ್ಲ. ಅವಳು ಹೋದ ದಿಕ್ಕಿನಿಂದಲೇ ಗಾಡಿ ದೀಪ ಬಿಟ್ಟುಕೊಂಡು ಒಳಗೆ ಬಂತು.

ಡಬ್ಬಿಗಳು ಒಂದೊಂದಾಗಿ ಮುಂದೆ ಸರಿದು ನಿಂತವು. ವಿಶಾಲ ಓಡಿ ಬಂದು ಬ್ಯಾಗು ಎತ್ತಿ ಒಳಗಿಟ್ಟು, ತಾಯಿಯ ರಟ್ಟೆ ಹಿಡಿದು ಹತ್ತಿಸಿದ. ಶರಣವ್ವ ಬಾಗಿಲಲ್ಲೇ ಕಂಬಿ ಹಿಡಿದು ನಿಂತಳು. ಜನ ಬೈದರೂ ಅಲ್ಲಾಡಲಿಲ್ಲ. ಎಷ್ಟು ಹೊತ್ತು ನಿಂತಳೋ, ಕೊನೆಗೆ ಜನರನ್ನು ಸೀಳಿಕೊಂಡು ಆರತಿ ಬರುವುದು ಕಂಡಿತು. ಗಂಟು ಅವಳ ಸೊಂಟದ ಮೇಲಿತ್ತು. ಹಿಂದೆ ಮುರಿಗೆವ್ವ ಏದುಸಿರು ಬಿಡುತ್ತ ಬರುತ್ತಿದ್ದಳು.

"ಕೆಳಗ ಇಟ್ಟಿಲ್ಲಕ್ಕಾ," ಎಂದು ಮುರಿಗೆವ್ವ ದೂರದಿಂದಲೇ ಕೂಗಿದಳು. "ಕುಂತಾಗಿಂದ ತೊಡಿ ಮ್ಯಾಲ ಇಟಗೊಂಡೇನಿ, ಒಂದು ಚಾ ಸೈತ ಕುಡೀಲಿಲ್ಲ!"

ಶರಣವ್ವನಿಗೆ ಕಣ್ಣು ತುಂಬಿ ಬಂತು. ಗಂಟು ಬಂತು, ಕಾಗದ ಬಂತು, ಗಾಡಿ ಸಿಕ್ಕಿತು. ಇನ್ನೇನು ಬೇಕು ಎಂದುಕೊಂಡು ಒಳಗೆ ಹೋದರೆ, ಅವರ ಮೂರು ಸೀಟಿನಲ್ಲಿ ಮೂವರು ಕೂತಿದ್ದರು.

ಚಿಕ್ಕೋಡಿಯ ಕಡೆಯ ಯಜಮಾನರೊಬ್ಬರು, ಅವರ ಹೆಂಡತಿ, ಮಗಳು. ಬುತ್ತಿಯ ಡಬ್ಬಿ ಬಿಚ್ಚಿ ರೊಟ್ಟಿ ಹಂಚಿಕೊಳ್ಳುತ್ತಿದ್ದರು. ವಿಶಾಲ ಫೋನು ತೋರಿಸಿ, "ಇವು ನಮ್ಮ ಸೀಟ್ರಿ," ಎಂದ. ಯಜಮಾನರು ತಮ್ಮ ಫೋನು ತೋರಿಸಿ, "ಟೀಸಿ ಸಾಹೇಬ್ರು ಈಗ ಕೊಟ್ಟಾರ್ರಿ," ಎಂದರು. ಟೀಸಿಯೂ ಅಷ್ಟರಲ್ಲಿ ಬಂದ. ಕಪ್ಪು ಕೋಟು, ಕೈಯಲ್ಲಿ ಸಣ್ಣ ಟ್ಯಾಬು, ಕಣ್ಣಲ್ಲಿ ನಿದ್ದೆ.

"ನೀವು ಧಾರವಾಡದಾಗ ಹತ್ತಬೇಕಿತ್ತಲ್ರಿ. ಧಾರವಾಡ ಬಿಟ್ಟ ಮ್ಯಾಲ ಬಂದು ನೋಡಿದೆ. ಮೂರೂ ಖಾಲಿ. ಇವ್ರು ಅರ್ಧ ಸೀಟಿನ ಮ್ಯಾಲ ಕುಂತು ಬಂದಿದ್ರು, ಇವ್ರಿಗೆ ಕೊಟ್ಟೆ."

"ಟಿಕೆಟ್ ಪಕ್ಕಾ ಐತಲ್ರಿ ನಮ್ದು! ಮುಂದಿನ ಸ್ಟೇಶನದಾಗ ಹತ್ತಿದ್ರ ಏನಾತು?"

"ಹತ್ತೂ ಜಾಗಾದಾಗ ಹತ್ತಲಿಲ್ಲಂದ್ರ ಬಂದಿಲ್ಲ ಅಂತ ಅರ್ಥ. ಹುಬ್ಬಳ್ಳ್ಯಾಗ ಹತ್ತೂದಿದ್ರ ಮೊದಲ ಬದಲಿ ಮಾಡಿಸಬೇಕಿತ್ತು."

"ಹುಬ್ಬಳ್ಳಿ-ಧಾರವಾಡ ಒಂದ ಊರಲ್ರಿ?" ವಿಶಾಲನ ದನಿ ಸಣ್ಣಗಾಗಿತ್ತು.

"ನಿಮ್ಮ ಕಾರ್ಪೊರೇಶನ್ನಿಗೆ ಒಂದ. ನಮಗ ಎರಡು."

ಟೀಸಿಯ ಲೆಕ್ಕ ತನ್ನ ಲೆಕ್ಕದಂತೆಯೇ ಇರುವುದನ್ನು ಕೇಳಿ ಶರಣವ್ವನಿಗೆ ಬೇರೆ ದಿನವಾಗಿದ್ದರೆ ಖುಷಿಯಾಗುತ್ತಿತ್ತು.

"ಜನರಲ್ ಡಬ್ಬಿಗೆ ಹೋಗ್ರಿ, ಇಲ್ಲಂದ್ರ ಇಳೀರಿ. ಲಗೂ ಮಾಡ್ರಿ, ಸಿಗ್ನಲ್ ಬೀಳತೈತಿ," ಎಂದ ಟೀಸಿ. ಕೆಟ್ಟ ಮನುಷ್ಯನಲ್ಲ, ದಣಿದ ಮನುಷ್ಯ. ಜನರಲ್ ಡಬ್ಬಿಯ ಬಾಗಿಲಲ್ಲಿ ಜನ ಜೋತಾಡುತ್ತಿದ್ದದ್ದನ್ನು ಅವರು ನೋಡಿಯೇ ಬಂದಿದ್ದರು. ಆರತಿ ಗಂಟು ಹಿಡಿದುಕೊಂಡು ದಾರಿಯಲ್ಲಿ ನಿಂತಿದ್ದಳು.

ಯಜಮಾನರಿಗೆ ಕನಿಕರ ಬಂತು. ರೊಟ್ಟಿ ಕೆಳಗಿಟ್ಟು ಸಮಾಧಾನ ಹೇಳಿದರು.

"ಮನಸಿಗೆ ಹಚಗೋಬ್ಯಾಡ್ರಿ. ತಿಮ್ಮಪ್ಪ ತಾನ ನಮ್ಮನ್ನ ಕರಸಿಕೋಬೇಕು. ಈ ಸಲ ಆಗಲಿಲ್ಲಂದ್ರ ಮುಂದಿನ ಸಲ ಹೋದ್ರಾತು. ದೇವ್ರು ಎಲ್ಲಿ ಓಡಿ ಹೋಗತಾನ?"

"ದೇವ್ರು ಹೋಗೂದಿಲ್ರಿ," ಎಂದಳು ಶರಣವ್ವ. "ಕೂಸು ಹೋಗತೈತಿ."

ಮಾತು ಬಾಯಿಂದ ಬಂದೇಬಿಟ್ಟಿತ್ತು. ಡಬ್ಬಿಯಲ್ಲಿ ಆಚೆ ಈಚೆ ಕೂತವರು ತಿರುಗಿ ನೋಡಿದರು. ಕಿಟಕಿಯ ಹೊರಗೆ ಮುರಿಗೆವ್ವ ಸರಳು ಹಿಡಿದು ನಿಂತಿರುವುದು ಶರಣವ್ವನಿಗೆ ಕಾಣುತ್ತಿತ್ತು. ತಂಗಿ ಕೇಳುತ್ತಿದ್ದಾಳೆಂದು ಗೊತ್ತಿತ್ತು. ನಾಳೆ ಬೆಳಗಾಗುವುದರಲ್ಲಿ ಹೆಬ್ಬಳ್ಳಿಗೆ ಮುಟ್ಟುತ್ತದೆಂದೂ ಗೊತ್ತಿತ್ತು. ಮುಟ್ಟಲಿ ಎಂದುಕೊಂಡಳು.

"ನಾವು ತಿಮ್ಮಪ್ಪಗ ಹೊಂಟಿಲ್ರಿ. ನನ್ನ ಮೊಮ್ಮಗಳನ್ನ ಕರಕೊಂಡು ಬರಾಕ ಹೊಂಟೇವಿ. ಈ ನನ್ನ ಸೊಸಿ ವರ್ಷಾನುಗಟ್ಟಲೆ ಪಾಳಿ ಕಾದಾಳ, ಈಗ ಕೂಸು ಸಿಕ್ಕೈತಿ. ಅಲ್ಲಿ ಒಂದು ಮನಿಯಾಗ ಐತಿ, ಹತ್ತು ತಿಂಗಳದ್ದು. ನಾಳೆ ಮುಂಜಾನಿ ಹತ್ತಕ್ಕ ಹೋಗಲಿಲ್ಲಂದ್ರ ಬ್ಯಾರೇದವ್ರಿಗೆ ಕೊಡತಾರ. ಧಾರವಾಡದಾಗ ಇವ್ರು ಹತ್ತತಿದ್ರು. ಇಂದು ಮಂಗಳವಾರ ಅಂತ ಪಸ್ತಾನ ಇಟ್ಟು, ಇಲ್ಲಿತನಾ ಎಳಕೊಂಡು ಬಂದಾಕಿ ನಾನು. ತಪ್ಪು ನಂದ್ರಿ. ನನ್ನ ಇಳಸ್ರಿ. ಇವ್ರಿಬ್ರಿಗೆ ಕಾಲ ಊರಾಕರ ಜಾಗಾ ಕೊಡ್ರಿ ಸಾಹೇಬ್ರ."

ಕೈ ಮುಗಿದಳು. ಟೀಸಿ ಟ್ಯಾಬು ನೋಡಿದ, ಯಜಮಾನರು ತಮ್ಮ ಹೆಂಡತಿಯನ್ನು ನೋಡಿದರು. ಆರತಿ ಅತ್ತೆಯನ್ನೇ ನೋಡುತ್ತಿದ್ದಳು.

"ಅಕ್ಕಾ," ಎಂದು ಕಿಟಕಿಯಿಂದ ದನಿ ಬಂತು. "ತಿಮ್ಮಪ್ಪನ ಹರಕಿ ಅಂದಿದ್ಯಲ್ಲ?"

"ಸುಳ್ಳ ಹೇಳಿದ್ದೆ ಮುರಿಗಿ."

ಗಾಡಿ ಒಮ್ಮೆ ಜಗ್ಗಿ ಅಲುಗಿತು. ಆ ಎಳೆತಕ್ಕೆ ಆರತಿ ತೂರಾಡಿದಾಗ ಯಜಮಾನರ ಹೆಂಡತಿ ಅವಳ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ಕೂಡವ್ವಾ, ಕೂಡು. ಸರೀರಿ ನೀವು," ಎಂದು ಗಂಡನನ್ನು ಮೂಲೆಗೆ ದಬ್ಬಿದಳು. ಹೊರಗೆ ಮುರಿಗೆವ್ವ ಗಾಡಿಯ ಜೊತೆಗೇ ಹೆಜ್ಜೆ ಹಾಕುತ್ತಿದ್ದಳು. ಏನೋ ಹೇಳಬೇಕೆಂದು ಅವಳ ಮುಖವೆಲ್ಲ ತಡವರಿಸುತ್ತಿತ್ತು. ಕೊನೆಗೆ ಬಾಯಿಗೆ ಬಂದದ್ದನ್ನು ಕೂಗಿದಳು.

"ಗಂಟು ಕೆಳಗ ಇಡಬ್ಯಾಡ್ರಿ! ಮುಟ್ಟೂತನಾ ಕೆಳಗ ಇಡಬ್ಯಾಡ್ರಿ!"

ಉದ್ದದ ಪ್ಲಾಟ್‌ಫಾರ್ಮು. ಅವಳು ಬಹಳ ದೂರದ ತನಕ ಕಾಣುತ್ತಲೇ ಇದ್ದಳು.

ಟೀಸಿ ನಿಟ್ಟುಸಿರು ಬಿಟ್ಟ. "ಗದಗತನಾ ನಾ ನಿಮ್ಮನ್ನ ನೋಡಿಲ್ಲ. ಆಮ್ಯಾಲ ಖಾಲಿ ಇದ್ರ ನೋಡ್ತೇನಿ," ಎಂದ. ಎರಡು ಹೆಜ್ಜೆ ಹೋದವನು ತಿರುಗಿ ಬಂದ. "ಬರೂವಾಗ ತಿರುಪತಿಂದ ಟಿಕೆಟ್ ಐತೇನು?"

"ಹೌದ್ರಿ," ಎಂದ ವಿಶಾಲ.

"ಹಂಗಾದ್ರ ತಿರುಪತಿಯಾಗ ಹತ್ರಿ. ಸಮೀಪ ಐತಿ ಅಂತ ರೇಣಿಗುಂಟಾಕ್ಕ ಹೋಗಿ ನಿಂದರಬ್ಯಾಡ್ರಿ."

ಆಚೆ ಕೂತವರು ನಕ್ಕರು. ವಿಶಾಲನೂ ನಗಲು ನೋಡಿದ.

ಗದಗ ದಾಟಿದ ಮೇಲೆ ಸೀಟು ಸಿಕ್ಕಿತು, ಒಂದೇ ಒಂದು, ಬಾಗಿಲ ಹತ್ತಿರದ್ದು. ವಿಶಾಲ ಕೆಳಗೆ ಪೇಪರು ಹಾಸಿಕೊಂಡು ಉರುಳಿದ. ಶರಣವ್ವ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದಳು. ಒಮ್ಮೆ ಮುಂದಕ್ಕೆ ಮುಗ್ಗರಿಸಿದಳು. ಆರತಿ ಅವಳ ಭುಜ ಹಿಡಿದಳು.

"ಮಲಕೊಳ್ರಿ ಅತ್ತಿ. ನಾ ಕಾಲ ಕಡೆ ಕೂತಿರತೇನಿ."

"ನೀ ಮಲಗವ್ವ. ನಾಳೆ ಕೂಸು ಎತಗೊಳ್ಳಾಕಿ ನೀನು."

"ಮಲಕೊಳ್ರಿ," ಎಂದಳು ಆರತಿ ಮತ್ತೆ. ಆಟೋದಲ್ಲಿ ಆಡಿದ ಮಾತಿನ ಸುದ್ದಿ ಅವಳೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಶರಣವ್ವ ಗಂಟನ್ನು ತಲೆಯ ಮಗ್ಗುಲಿಗೆ ಒತ್ತಿಕೊಂಡು ಮಲಗಿದಳು. ನಿದ್ದೆ ಬರಲಾರದು ಎಂದುಕೊಂಡಿದ್ದಳು.

ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕು ಹರಿಯುತ್ತಿತ್ತು. ಚಹಾದವನು ಕೂಗುತ್ತಿದ್ದ; ಯಾರೋ ಆಗಲೇ ತಲೆ ಬಾಚಿಕೊಳ್ಳುತ್ತಿದ್ದರು. ಶರಣವ್ವನ ಕೈ ಮೊದಲು ತಲೆಯ ಮಗ್ಗುಲಿಗೆ ಹೋಯಿತು. ಗಂಟು ಇರಲಿಲ್ಲ. ನಿದ್ದೆಯಲ್ಲಿ ಬಿತ್ತೇ? ಯಾರಾದರೂ ಒಯ್ದರೇ? ಬಗ್ಗಿ ಸೀಟಿನ ಕೆಳಗೆ ನೋಡಿದಳು. ಬ್ಯಾಗುಗಳಿದ್ದವು, ಬಾಯಿ ತೆರೆದು ಮಲಗಿದ ವಿಶಾಲನಿದ್ದ. ಗಂಟು ಕಾಣಲಿಲ್ಲ. ಗಾಬರಿಯಿಂದ ಎದ್ದು ಕೂತಳು.

ಆರತಿ ಕಾಲ ಬಳಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಳು. ಕಣ್ಣು ಕೆಂಪಾಗಿದ್ದವು, ಜಡೆ ಬಿಚ್ಚಿಹೋಗಿತ್ತು. ರಾತ್ರಿಯೆಲ್ಲ ಮಲಗಿದಂತಿರಲಿಲ್ಲ. ಅವಳ ಚಪ್ಪಲಿ, ಪರ್ಸು ಎಲ್ಲ ಕೆಳಗೆ ಬಿದ್ದಿದ್ದವು. ನೀರಿನ ಬಾಟಲಿ ಗಾಡಿ ಓಲಾಡಿದಾಗಲೆಲ್ಲ ಆಚೆಗೊಮ್ಮೆ ಈಚೆಗೊಮ್ಮೆ ಉರುಳುತ್ತಿತ್ತು. ಗಂಟು ಮಾತ್ರ ಅವಳ ತೊಡೆಯ ಮೇಲಿತ್ತು. ಗಾಡಿ ತಿರುವಿನಲ್ಲಿ ವಾಲಿದಾಗ ಅವಳು ಒಂದು ಕೈ ಅದರ ಅಡಿಗೆ ಕೊಟ್ಟು, ಇನ್ನೊಂದು ಕೈಯಿಂದ ಮೆಲ್ಲಗೆ ಹೊಟ್ಟೆಯ ಕಡೆಗೆ ಸರಿಸಿಕೊಂಡಳು.